ಔಷಧವನ್ನು ಒಸರಿಸುವ ಸೂಕ್ಷ್ಮ ಮಡಕೆಗಳು

ನಮ್ಮದು ಬಯಲುಸೀಮೆಯ ಊರು. ಬೇಸಗೆ ಬಂದಿತೆಂದರೆ ಕೊಡ ನೀರಿಗೂ ಲೆಕ್ಕವಿಡಬೇಕಾಗುತ್ತದೆ. ಹಿತ್ತಿಲಿನಲ್ಲಿ ನೆಟ್ಟ ತೆಂಗಿನ ಸಸಿಗೆ ನಮ್ಮ ತಾಯಿ ಕೊಡದಿಂದ ನೀರು ಸುರಿಯುವುದಿಲ್ಲ. ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಅದನ್ನು ನೀರಿನಿಂದ ತುಂಬಿ, ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚುತ್ತಾರೆ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆಯಷ್ಟೆ. ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ಆ ರಂಧ್ರಗಳ ಮೂಲಕ ಒಸರಿ ಬೇರಿಗೆ ಸೇರುತ್ತದೆ. ಕೊಡದಿಂದ ಸುರಿದಿದ್ದರೆ ಅದೇ ನೀರಿನಲ್ಲಿ ಒಂದು ಪಾಲು ಬಿಸಿಲಿಗೆ ಆವಿಯಾಗಿ, ಒಂದು ಪಾಲು ಬೇರಿಗೆ ನಿಲುಕದಷ್ಟು ಆಳಕ್ಕೆ ಇಳಿದುಹೋಗುತ್ತಿತ್ತು. ಸಸಿ ಇಂದು ಕೆಸರಿನಲ್ಲಿ ಮುಳುಗಿ, ನಾಳಿದ್ದು ಬಾಯಾರಿ ನಿಲ್ಲುತ್ತಿತ್ತು.

ವಿಜ್ಞಾನದ ಲೇಖನಕ್ಕೆ ಮಡಕೆಯ ಪೀಠಿಕೆ ಏಕೆ, ಅದೂ ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿನಿಗೆ ವಿಜ್ಞಾನದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಎರಡಕ್ಕೂ ಉತ್ತರ ನಮ್ಮ ಮನೆಯಲ್ಲಿಯೇ ಇದೆ.

ಎರಡು ವರ್ಷಗಳ ಹಿಂದೆ, ಗಾರೆ ಕೆಲಸ ಮಾಡುವ ನಮ್ಮ ತಂದೆ ಸಾರವೆಯ ಮೇಲಿನಿಂದ ಬಿದ್ದರು. ಮೊಣಕಾಲಿನ ಕೆಳಗಿನ ಮೂಳೆ ಮುರಿದು, ಚರ್ಮವನ್ನು ಸೀಳಿ ಹೊರಗೆ ಬಂದಿತ್ತು. ಆಸ್ಪತ್ರೆಯಲ್ಲಿ ಮೂಳೆಯನ್ನು ಕೂಡಿಸಿ, ಲೋಹದ ಪಟ್ಟಿ ಬಿಗಿದು, ಕೆಲವು ದಿನಗಳ ಮೇಲೆ ಗುಳಿಗೆಗಳನ್ನು ಬರೆದುಕೊಟ್ಟು ಮನೆಗೆ ಕಳುಹಿಸಿದರು. ನಮ್ಮ ಮನೆಯಲ್ಲಿ ಚೀಟಿಯನ್ನು ಓದಬಲ್ಲವಳು ನಾನೊಬ್ಬಳೇ. ಎಂಟು ಗಂಟೆಗೊಮ್ಮೆ ಗುಳಿಗೆ ಕೊಡುವ ಹೊಣೆಯೂ ನನ್ನದೇ ಆಯಿತು. ಒಂದು ವಾರ ಸರಿಯಾಗಿ ನಡೆಯಿತು. ಗಾಯ ಒಣಗಿ, ಜ್ವರ ಇಳಿಯಿತು. ಆಗ ತಂದೆಯವರು, “ವಾಸಿಯಾಯಿತಲ್ಲ ಮಗಳೇ, ಇನ್ನೇಕೆ ದುಡ್ಡು ದಂಡ? ಆ ಹಣ ನಿನ್ನ ಪರೀಕ್ಷೆಯ ಶುಲ್ಕಕ್ಕಾಗಲಿ” ಎಂದರು. ನಾನು ಸುಮ್ಮನಿದ್ದೆ. ಉಳಿದ ಗುಳಿಗೆಗಳನ್ನು ಕೊಳ್ಳಲಿಲ್ಲ. ತಿಂಗಳು ಕಳೆಯುವುದರೊಳಗಾಗಿ ಗಾಯ ಮತ್ತೆ ಬಾಯಿ ತೆರೆದು ಕೀವು ಸೋರತೊಡಗಿತು. ಸೋಂಕು ಮೂಳೆಯನ್ನು ಹೊಕ್ಕಿತ್ತು.

ಎರಡನೆಯ ಬಾರಿ ಶಸ್ತ್ರಕ್ರಿಯೆಯಾಯಿತು. ಸತ್ತ ಮೂಳೆಯ ಚೂರುಗಳನ್ನು ತೆಗೆದ ಶಸ್ತ್ರವೈದ್ಯರು ಆ ಪೊಳ್ಳಿನೊಳಗೆ, ತಂತಿಗೆ ಪೋಣಿಸಿದ ಬಿಳಿಯ ಮಣಿಗಳ ಸರವೊಂದನ್ನು ಇಟ್ಟರು. “ಈ ಮಣಿಗಳಲ್ಲಿ ಔಷಧವಿದೆ. ಗಾಯದಲ್ಲಿಯೇ ಇದ್ದು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ” ಎಂದು ಅವರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಹಿತ್ತಿಲಿನ ಮಡಕೆ. ಅಂದಿನಿಂದ ಈ ವಿಷಯವನ್ನು ಕುರಿತು ತಿಳಿಯಬೇಕೆಂಬ ಹಂಬಲ ಹುಟ್ಟಿತು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ದಯವಿಟ್ಟು ಪುಸ್ತಕಗಳನ್ನು ಕೊಟ್ಟು, ಅರ್ಥವಾಗದ ಕಡೆ ಬಿಡಿಸಿ ಹೇಳಿದರು. ಹಾಗೆ ತಿಳಿದುಕೊಂಡುದನ್ನು ನನ್ನಂತೆಯೇ ವಿಜ್ಞಾನವನ್ನು ಓದದ ಗೆಳೆಯ ಗೆಳತಿಯರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಔಷಧ ನಮ್ಮ ದೇಹದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡೋಣ. ರೋಗಾಣುಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಮದ್ದುಗಳಿಗೆ ಆಂಟಿಬಯಾಟಿಕ್ ಎಂದೂ, ಕನ್ನಡದಲ್ಲಿ ಪ್ರತಿಜೈವಿಕ ಎಂದೂ ಹೆಸರು. ಇವುಗಳಲ್ಲಿ ಜಗತ್ಪ್ರಸಿದ್ಧವಾದ ಪೆನಿಸಿಲಿನ್ನನ್ನು ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ೧೯೨೮ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದರು. ಅದನ್ನು ಮದ್ದಾಗಿ ಬೇರ್ಪಡಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮೊದಲಾದವರು. ೧೯೪೧ರ ಫೆಬ್ರವರಿ ೧೨ರಂದು ಅವರು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚುಮದ್ದನ್ನು ಕೊಡಲಾರಂಭಿಸಿದರು. ಮುಖವೆಲ್ಲ ಕೀವುಗಟ್ಟಿ ಸಾವಿನ ಅಂಚಿನಲ್ಲಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಪೆನಿಸಿಲಿನ್ನಿಗೆ ಒಂದು ದೊಡ್ಡ ಕೊರತೆಯಿತ್ತು. ಮೂತ್ರಪಿಂಡಗಳು ಅದನ್ನು ರಕ್ತದಿಂದ ಬಹು ಬೇಗ ಸೋಸಿ ಹೊರಹಾಕುತ್ತಿದ್ದವು. ಮದ್ದು ಎಷ್ಟು ದುರ್ಲಭವಾಗಿತ್ತೆಂದರೆ, ಆ ರೋಗಿಯ ಮೂತ್ರವನ್ನೇ ಸಂಗ್ರಹಿಸಿ, ಪ್ರಯೋಗಶಾಲೆಗೆ ಒಯ್ದು, ಅದರಿಂದ ಪೆನಿಸಿಲಿನ್ನನ್ನು ಮರಳಿ ತೆಗೆದು ಮತ್ತೆ ಅವನಿಗೇ ಚುಚ್ಚಿದರು! ಕೊನೆಗೆ ಮದ್ದು ಮುಗಿಯಿತು. ಉಳಿದಿದ್ದ ರೋಗಾಣುಗಳು ಮತ್ತೆ ತಲೆಯೆತ್ತಿದವು. ಮಾರ್ಚ್ ೧೫ರಂದು ಆತ ತೀರಿಕೊಂಡ.

ಈ ಕರುಣಾಜನಕ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಮದ್ದು ಒಳ್ಳೆಯದಾಗಿದ್ದರೆ ಸಾಲದು, ಅದು ಸಾಕಷ್ಟು ಕಾಲ ದೇಹದಲ್ಲಿ ನಿಲ್ಲಬೇಕು. ಎರಡನೆಯದಾಗಿ, ರೋಗಾಣುಗಳು ಪೂರ್ತಿ ನಾಶವಾಗುವ ಮೊದಲೇ ಮದ್ದು ನಿಂತುಹೋದರೆ, ಬಂದ ಗುಣವೂ ಕೈಬಿಡುತ್ತದೆ. ಇದನ್ನು ಓದಿದಾಗ ನಮ್ಮ ತಂದೆಯವರ ಉಳಿದ ಗುಳಿಗೆಗಳ ನೆನಪಾಗಿ ನನಗೆ ನಾಚಿಕೆಯಾಯಿತು. ಆ ಪೇದೆಗೆ ಮದ್ದು ಪ್ರಪಂಚದಲ್ಲಿಯೇ ಇರಲಿಲ್ಲ. ನಮಗೆ ಅದು ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿಯೇ ಇತ್ತು.

ಗುಳಿಗೆ ನುಂಗಿದ ಕೂಡಲೇ ರಕ್ತದಲ್ಲಿ ಮದ್ದಿನ ಪ್ರಮಾಣ ಏರುತ್ತದೆ, ಅನಂತರ ಇಳಿಯತೊಡಗುತ್ತದೆ. ರೋಗಾಣುವನ್ನು ಅಡಗಿಸಲು ಬೇಕಾದ ಕನಿಷ್ಠ ಪ್ರಮಾಣ ಒಂದುಂಟು. ದೇಹಕ್ಕೆ ಕೇಡಾಗುವ ಗರಿಷ್ಠ ಪ್ರಮಾಣ ಇನ್ನೊಂದುಂಟು. ಇವೆರಡು ಗೆರೆಗಳ ನಡುವೆ ಮದ್ದನ್ನು ನಡೆಸುವುದೇ ವೈದ್ಯರ ಜಾಣ್ಮೆ. ಎಂಟು ಗಂಟೆಗೊಮ್ಮೆ ಎಂದು ಚೀಟಿಯಲ್ಲಿ ಬರೆಯುವುದು ಈ ಕಾರಣದಿಂದ. ಅದು ಬರಿಯ ವಾಡಿಕೆಯ ಮಾತಲ್ಲ. ಈ ತೊಂದರೆಯನ್ನು ನೀಗಲು ೧೯೫೦ರ ದಶಕದ ಆರಂಭದಲ್ಲಿಯೇ ಒಂದು ಉಪಾಯ ದೊರೆಯಿತು. ನೀರಿನಲ್ಲಿ ಸುಲಭವಾಗಿ ಕರಗದ ಬೆಂಜಥೀನ್ ಪೆನಿಸಿಲಿನ್ನನ್ನು ಮಾಂಸಖಂಡಕ್ಕೆ ಚುಚ್ಚಿದರೆ ಅದು ಅಲ್ಲಿಯೇ ತಂಗಿ ವಾರಗಟ್ಟಲೆ ಮೆಲ್ಲಮೆಲ್ಲನೆ ರಕ್ತಕ್ಕೆ ಸೇರುತ್ತದೆ. ಸಂಧಿವಾತ ಜ್ವರದಿಂದ ಹೃದಯ ಕೆಟ್ಟ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಇದನ್ನು ಇಂದಿಗೂ ಕೊಡುತ್ತಾರೆ.

ಮೂಳೆಯ ಸೋಂಕಿನಲ್ಲಿ ಮಾತ್ರ ಕಷ್ಟ ಇಮ್ಮಡಿಯಾಗುತ್ತದೆ. ಮದ್ದು ಹೋಗುವುದು ರಕ್ತದ ದಾರಿಯಲ್ಲಿ. ಸತ್ತ ಮೂಳೆಗೆ ರಕ್ತನಾಳವೇ ಇಲ್ಲ. ಊರಿನ ಕಾಲುವೆಯಲ್ಲಿ ನೀರು ಎಷ್ಟು ಹರಿದರೇನು, ತೂಬು ಮುಚ್ಚಿದ ಗದ್ದೆಗೆ ಅದು ದಕ್ಕೀತೆ? ಅಲ್ಲದೆ ರೋಗಾಣುಗಳು ಲೋಹದ ಪಟ್ಟಿ ಹಾಗೂ ಸತ್ತ ಮೂಳೆಗಳ ಮೇಲೆ ಲೋಳೆಯಂತಹ ಹೊದಿಕೆಯನ್ನು ಹೆಣೆದುಕೊಂಡು ಅದರ ಮರೆಯಲ್ಲಿ ಬಾಳುತ್ತವೆ. ಅಲ್ಲಿಗೆ ಮುಟ್ಟುವಷ್ಟು ಮದ್ದನ್ನು ರಕ್ತದಲ್ಲಿ ತುಂಬಿದರೆ ಬೇರೆ ಅಂಗಗಳಿಗೆ ಅಪಾಯ. ಉದಾಹರಣೆಗೆ, ೧೯೬೩ರಲ್ಲಿ ಬೆಳಕಿಗೆ ಬಂದ ಜೆಂಟಾಮೈಸಿನ್ ಎಂಬ ಪ್ರಬಲ ಔಷಧ ರಕ್ತದಲ್ಲಿ ಮಿತಿಮೀರಿದರೆ ಮೂತ್ರಪಿಂಡವನ್ನೂ ಕಿವಿಯನ್ನೂ ಕೆಡಿಸುತ್ತದೆ. ಆದುದರಿಂದ ಮದ್ದನ್ನು ರೋಗವಿರುವ ಎಡೆಯಲ್ಲಿಯೇ ಇಟ್ಟರೆ ಹೇಗೆ ಎಂಬ ಯೋಚನೆ ಹುಟ್ಟಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬುಖ್‌ಹೋಲ್ಟ್ಸ್ ಮತ್ತು ಎಂಗಲ್‌ಬ್ರೆಕ್ಟ್ ಎಂಬವರು ಕೃತಕ ಕೀಲುಗಳನ್ನು ಅಂಟಿಸುವ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದ ವಿಷಯವನ್ನು ೧೯೭೦ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಆ ದೇಶದ ಕ್ಲೆಮ್ ಎಂಬ ವೈದ್ಯರು ಇಂಥ ಸಿಮೆಂಟಿನಿಂದ ಮಣಿಗಳ ಸರ ಮಾಡಿ ಸೋಂಕಿದ ಮೂಳೆಯೊಳಗೆ ಇಡುವುದನ್ನು ರೂಢಿಗೆ ತಂದರು. ನಮ್ಮ ತಂದೆಯವರ ಕಾಲಿನೊಳಗೆ ಇಟ್ಟದ್ದು ಆ ಮನೆತನದ ಸರವನ್ನೇ.

ಈ ಮಣಿಗಳಿಂದ ಅಸಂಖ್ಯ ಜನರಿಗೆ ಉಪಕಾರವಾಗಿದೆ, ನಿಜ. ಆದರೆ ಇವುಗಳಲ್ಲಿಯೂ ಲೋಪಗಳಿವೆ. ಸಿಮೆಂಟು ಗಟ್ಟಿಯಾಗುವಾಗ ಕಾವೇರುತ್ತದೆ. ಆ ಕಾವನ್ನು ತಾಳುವ ಮದ್ದುಗಳನ್ನು ಮಾತ್ರ ಬೆರೆಸಬಹುದು. ಮಣಿಯ ಮೇಲ್ಮೈಯ ಹತ್ತಿರವಿರುವ ಮದ್ದು ಹೊರಗೆ ಬರುತ್ತದೆ, ಒಳಗಿನದರಲ್ಲಿ ಹೆಚ್ಚಿನ ಪಾಲು ಒಳಗೇ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಣಿ ಕರಗುವುದಿಲ್ಲ. ಅದನ್ನು ತೆಗೆಯಲು ಮತ್ತೊಂದು ಶಸ್ತ್ರಕ್ರಿಯೆ ಬೇಕು. ನಮ್ಮ ತಂದೆಯವರಿಗೂ ಅದು ತಪ್ಪಲಿಲ್ಲ. ಕೂಲಿಯಿಂದ ಬದುಕುವ ಮನೆಗೆ ಮೂರನೆಯ ಶಸ್ತ್ರಕ್ರಿಯೆಯೆಂದರೆ ಏನೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ.

ಇನ್ನು ನಮ್ಮ ಸೂಕ್ಷ್ಮ ಮಡಕೆಗಳಿಗೆ ಬರೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ೧೯೯೨ರಲ್ಲಿ ಅಮೆರಿಕದ ಮೊಬಿಲ್ ಎಂಬ ತೈಲ ಸಂಸ್ಥೆಯ ವಿಜ್ಞಾನಿಗಳು ಎಂ.ಸಿ.ಎಂ.-೪೧ ಎಂಬ ಬಿಳಿಯ ಪುಡಿಯನ್ನು ಲೋಕಕ್ಕೆ ಪರಿಚಯಿಸಿದರು. ಅದು ಮರಳಿನಲ್ಲಿರುವ ಸಿಲಿಕವೇ. ಆದರೆ ಅದರೊಳಗೆ ಕೆಲವೇ ನ್ಯಾನೋಮೀಟರ್ ಅಗಲದ ಕೊಳವೆಗಳು ಜೇನುಹುಟ್ಟಿನ ಕೋಣೆಗಳಂತೆ ಸಾಲುಸಾಲಾಗಿ ಜೋಡಣೆಗೊಂಡಿವೆ. ಅವರ ಗುರಿ ಇದ್ದುದು ಕಲ್ಲೆಣ್ಣೆಯ ಸಂಸ್ಕರಣದ ಮೇಲೆ, ವೈದ್ಯದ ಮೇಲಲ್ಲ. ೧೯೯೮ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರ ವಿಶ್ವವಿದ್ಯಾನಿಲಯದಲ್ಲಿ ಝಾವೊ ದೋಂಗ್‌ಯುವಾನ್, ಸ್ಟಕಿ ಮೊದಲಾದವರು ಇನ್ನೂ ಅಗಲವಾದ ಕೊಳವೆಗಳೂ ದಪ್ಪನಾದ ಗೋಡೆಗಳೂ ಉಳ್ಳ ಎಸ್.ಬಿ.ಎ.-೧೫ ಎಂಬುದನ್ನು ತಯಾರಿಸಿದರು.

ಇಷ್ಟು ಸಣ್ಣ ರಂಧ್ರವನ್ನು ಕೊರೆಯುವ ಉಳಿ ಯಾವುದು? ಉಳಿಯೇ ಬೇಕಿಲ್ಲ. ನಮ್ಮ ಕಡೆ ಇಟ್ಟಿಗೆ ಹಾಕುವವರು ಮಣ್ಣಿಗೆ ಭತ್ತದ ಹೊಟ್ಟನ್ನು ಬೆರೆಸುವುದನ್ನು ನೋಡಿರಬಹುದು. ಗೂಡಿನಲ್ಲಿ ಸುಟ್ಟಾಗ ಹೊಟ್ಟು ಉರಿದುಹೋಗಿ, ಅದಿದ್ದ ಜಾಗ ಬರಿದಾಗಿ ಉಳಿಯುತ್ತದೆ. ಇಲ್ಲಿಯೂ ಅದೇ ಕ್ರಮ. ಸಾಬೂನಿನ ಜಾತಿಗೆ ಸೇರಿದ ಅಣುಗಳಿಗೆ ನೀರನ್ನು ಬಯಸುವ ತಲೆಯೂ ನೀರನ್ನು ಒಲ್ಲದ ಬಾಲವೂ ಇರುತ್ತವೆ. ನೀರಿನಲ್ಲಿ ಅವು ಬಾಲಗಳನ್ನು ಒಳಗೆ ಅಡಗಿಸಿ, ತಲೆಗಳನ್ನು ಹೊರಗೆ ಚಾಚಿ, ಕಡ್ಡಿಗಳಂತೆ ಒಗ್ಗೂಡುತ್ತವೆ. ಆ ಕಡ್ಡಿಗಳ ಸುತ್ತ ಸಿಲಿಕ ಗಟ್ಟಿಗೊಳ್ಳುವಂತೆ ಮಾಡಿ, ಅನಂತರ ಸುಮಾರು ೫೫೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಾಬೂನು ಉರಿದುಹೋಗಿ ಕೊಳವೆಗಳು ಉಳಿಯುತ್ತವೆ. ಕಡ್ಡಿ ಎಷ್ಟು ದಪ್ಪವೋ ಕೊಳವೆ ಅಷ್ಟು ಅಗಲ. ನಮ್ಮ ತಂದೆಯವರಿಗೆ ಇದನ್ನು ಹೇಳಿದಾಗ, “ಹಾಗಾದರೆ ಅವರೂ ನಮ್ಮಂತೆ ಇಟ್ಟಿಗೆಯವರೇ” ಎಂದು ನಕ್ಕರು.

ಇಂಥ ಪುಡಿ ಒಂದು ಗ್ರಾಂ ಇದ್ದರೆ, ಅದರೊಳಗಿನ ಕೊಳವೆಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದಾಗ ಸುಮಾರು ೧೦೦೦ ಚದರ ಮೀಟರ್ ವಿಸ್ತಾರವಾಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು! ಒಂದು ಚಿಟಿಕೆ ಪುಡಿಯಲ್ಲಿ ಅಷ್ಟು ಜಮೀನು ಅಡಗಿರುವುದರಿಂದಲೇ ಮದ್ದಿನ ಅಣುಗಳು ಅದರಲ್ಲಿ ದಂಡಿಯಾಗಿ ನೆಲೆಸಬಲ್ಲವು. ರೋಗಾಣುಗಳು ಆ ಕೊಳವೆಗಳೊಳಗೆ ನುಗ್ಗಿ ಮನೆಮಾಡಲಾರವು. ಗಾಯಗಳಲ್ಲಿ ಕೀವನ್ನುಂಟುಮಾಡುವ ಸ್ಟೆಫಿಲೊಕಾಕಸ್ ಎಂಬ ರೋಗಾಣುವಿನ ಅಡ್ಡಳತೆ ಸುಮಾರು ೧೦೦೦ ನ್ಯಾನೋಮೀಟರ್. ಅದನ್ನು ಆನೆಯೆಂದು ಭಾವಿಸಿದರೆ, ೩ ನ್ಯಾನೋಮೀಟರ್ ಕೊಳವೆಯ ಬಾಯಿ ಕಡಲೆಕಾಳು ತೂರುವಷ್ಟು ಮಾತ್ರ.

ಈ ಪುಡಿಯಲ್ಲಿ ಮದ್ದನ್ನು ಇಟ್ಟು ಬಿಡಿಸಬಹುದೆಂದು ಮೊದಲಿಗೆ ತೋರಿಸಿಕೊಟ್ಟವರು ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಮರಿಯ ವಯೆಟ್-ರೆಹೀ ಎಂಬ ವಿದುಷಿ ಮತ್ತು ಅವರ ಸಂಗಡಿಗರು. ೨೦೦೧ರಲ್ಲಿ ಅವರು ಎಂ.ಸಿ.ಎಂ.-೪೧ರ ಕೊಳವೆಗಳಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮದ್ದನ್ನು ತುಂಬಿದರು. ೨೦೦೪ರಲ್ಲಿ ಅದೇ ನಗರದಿಂದ, ಎಸ್.ಬಿ.ಎ.-೧೫ರಲ್ಲಿ ಜೆಂಟಾಮೈಸಿನ್ ಮತ್ತು ಅಮಾಕ್ಸಿಸಿಲಿನ್ ಪ್ರತಿಜೈವಿಕಗಳನ್ನು ತುಂಬಿದ ವರದಿಗಳು ಬಂದವು. ತುಂಬುವ ವಿಧಾನ ಸರಳವಾದುದು. ಮದ್ದನ್ನು ದ್ರವದಲ್ಲಿ ಕರಗಿಸಿ, ಪುಡಿಯನ್ನು ಅದರಲ್ಲಿ ನೆನೆಯಿಡುತ್ತಾರೆ, ಮದ್ದು ಕೊಳವೆಗಳೊಳಗೆ ಇಳಿದು ಗೋಡೆಗಳಿಗೆ ಅಂಟಿಕೊಳ್ಳುತ್ತದೆ, ಅನಂತರ ಒಣಗಿಸುತ್ತಾರೆ. ಇಲ್ಲಿ ಸಿಮೆಂಟಿನ ಕಾವಿಲ್ಲವಾದ ಕಾರಣ ಸೂಕ್ಷ್ಮವಾದ ಮದ್ದುಗಳಿಗೂ ಭಯವಿಲ್ಲ. ದೇಹದಲ್ಲಿ ಇಟ್ಟಾಗ ಅಲ್ಲಿನ ದ್ರವ ಕೊಳವೆಯನ್ನು ಹೊಕ್ಕು, ಮದ್ದನ್ನು ಕರಗಿಸಿಕೊಂಡು ಹೊರಬರುತ್ತದೆ. ಕೊಳವೆ ಕಿರಿದಾದಷ್ಟೂ ಹೊರಹರಿವು ನಿಧಾನ. ಗೋಡೆಗಳಿಗೆ ಬೇರೆ ರಾಸಾಯನಿಕ ಗುಂಪುಗಳನ್ನು ಜೋಡಿಸಿ ಅಂಟಿನ ಬಿಗಿಯನ್ನು ಹೆಚ್ಚಿಸಿದರೆ ಇನ್ನೂ ನಿಧಾನ. ಸಿಲಿಕವು ಕ್ರಮೇಣ ಕರಗಿ ಮೂತ್ರದ ಮೂಲಕ ಹೊರಹೋಗಬಲ್ಲುದಾದ್ದರಿಂದ, ತೆಗೆಯುವುದಕ್ಕಾಗಿ ಮತ್ತೆ ಕುಯ್ಯುವ ಕಷ್ಟವೂ ತಪ್ಪೀತೆಂಬ ಆಸೆ ಇದೆ.

ಕೆಲವರು ಇನ್ನೂ ಮುಂದೆ ಹೋಗಿ ಕೊಳವೆಗಳಿಗೆ ಬಾಗಿಲನ್ನೇ ಇಟ್ಟಿದ್ದಾರೆ. ೨೦೦೩ರಲ್ಲಿ ಅಮೆರಿಕದ ಅಯೋವದಲ್ಲಿ ವಿಕ್ಟರ್ ಲಿನ್ ಮತ್ತು ಸಂಗಡಿಗರು ವ್ಯಾಂಕೋಮೈಸಿನ್ ಎಂಬ ಪ್ರತಿಜೈವಿಕವನ್ನು ಕೊಳವೆಗಳಲ್ಲಿ ತುಂಬಿ, ಬಾಯಿಗೆ ಕ್ಯಾಡ್ಮಿಯಂ ಸಲ್ಫೈಡಿನ ನ್ಯಾನೋ ಕಣಗಳನ್ನು ಬಿರಡೆಯಂತೆ ಬಂಧಿಸಿದರು. ಆ ಬಂಧವನ್ನು ಕಡಿಯುವ ರಾಸಾಯನಿಕವನ್ನು ಸೇರಿಸಿದಾಗ ಮಾತ್ರ ಬಿರಡೆ ಕಳಚಿ ಮದ್ದು ಹೊರಬಂದಿತು. ಕ್ಯಾಡ್ಮಿಯಂ ವಿಷವಾದುದರಿಂದ ಅದನ್ನು ರೋಗಿಗೆ ಕೊಡುವಂತಿಲ್ಲ. ಆದರೆ ದಾರಿ ತೆರೆಯಿತು. ಸೋಂಕಿದ ಜಾಗ ಹಲವು ವೇಳೆ ಸುತ್ತಲಿಗಿಂತ ಹೆಚ್ಚು ಆಮ್ಲೀಯವಾಗಿರುತ್ತದೆ. ಆ ಹುಳಿಗೆ ತೆರೆದುಕೊಳ್ಳುವ ನಿರಪಾಯವಾದ ಬಾಗಿಲುಗಳಿಗಾಗಿ ಇಂದು ಶೋಧನೆ ನಡೆದಿದೆ. ಕಳ್ಳ ಬಂದಾಗ ಮಾತ್ರ ಬೊಗಳುವ ನಾಯಿಯಂತೆ, ರೋಗಾಣು ಇದ್ದೆಡೆ ಮಾತ್ರ ಮದ್ದು ಹೊರಬರಬೇಕೆಂಬುದು ಇದರ ಆಶಯ.

ಸಿಲಿಕವೊಂದೇ ಅಲ್ಲ. ಲೋಹದ ಅಣುಗಳನ್ನು ಗೂಟಗಳಂತೆ ನಿಲ್ಲಿಸಿ, ಇಂಗಾಲದ ಸಂಯುಕ್ತಗಳನ್ನು ಅಡ್ಡಗಳುಗಳಂತೆ ಕಟ್ಟಿದ ಜಾಲರಿಗಳೂ ಇವೆ. ಇವುಗಳನ್ನು ಬೆಳೆಸಿದ ಕಿತಗಾವ, ರಾಬ್ಸನ್ ಮತ್ತು ಯಾಘಿ ಎಂಬ ಮೂವರಿಗೆ ೨೦೨೫ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಫ್ರಾನ್ಸಿನ ಫೆರೇ ಮತ್ತು ಒರ್ಕಹಾದ ಅವರ ತಂಡ ಇಂಥ ಜಾಲರಿಯಲ್ಲಿಯೂ ಮದ್ದನ್ನು ಇಡಬಹುದೆಂದು ೨೦೦೬ರಲ್ಲಿ ತೋರಿಸಿತ್ತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಈ ಜಾಲರಿಗಳನ್ನು ಕುರಿತು ಸಂಶೋಧನೆ ನಡೆಯುತ್ತಿದೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಇಷ್ಟು ಹೇಳಿದ ಮೇಲೆ ಎಲ್ಲವೂ ಸಿದ್ಧಿಸಿತೆಂದು ವಾಚಕರು ತಿಳಿಯಬಾರದು. ಪ್ರತಿಜೈವಿಕವನ್ನು ಹೊತ್ತ ಈ ಸಿಲಿಕದ ಪುಡಿಗಳು ಇನ್ನೂ ಆಸ್ಪತ್ರೆಯ ದಿನಬಳಕೆಯ ಔಷಧಗಳಾಗಿಲ್ಲ. ಅವುಗಳ ಮುಂದಿರುವ ತೊಡಕುಗಳಲ್ಲಿ ಎರಡನ್ನು ಹೇಳುತ್ತೇನೆ. ಹೊಸದಾಗಿ ತುಂಬಿದ ಮಡಕೆಯ ಹೊರಮೈ ಮೊದಲು ಬಳಬಳನೆ ತೊಟ್ಟಿಕ್ಕುವಂತೆ, ಕಣಗಳ ಹೊರಗೆ ಅಂಟಿದ ಮದ್ದು ಮೊದಲ ಗಂಟೆಗಳಲ್ಲಿಯೇ ಒಮ್ಮೆಲೇ ಬಿಡುಗಡೆಯಾಗುವುದುಂಟು. ಇದು ಮೊದಲನೆಯ ತೊಡಕು. ಎರಡನೆಯದು ಇನ್ನೂ ಗಂಭೀರವಾದುದು. ಮಡಕೆಯ ತಳದಲ್ಲಿ ಉಳಿದ ನೀರಿನಂತೆ, ಕೊನೆಯ ಮದ್ದು ತೀರ ಅಲ್ಪ ಪ್ರಮಾಣದಲ್ಲಿ ಬಹು ಕಾಲ ಒಸರುತ್ತಿದ್ದರೆ ಏನಾದೀತು? ರೋಗಾಣುಗಳನ್ನು ಕೊಲ್ಲಲು ಅದು ಸಾಲದು. ಮದ್ದಿಗೆ ಜಗ್ಗದವುಗಳನ್ನು ಉಳಿಸಿ ಬೆಳೆಸಲು ಮಾತ್ರ ಸಾಕು. ಅಲ್ಪ ಪ್ರಮಾಣದ ಮದ್ದಿನಿಂದ ರೋಗಾಣುಗಳು ಮಣಿಯದಂತಾಗುತ್ತವೆಂಬ ಎಚ್ಚರಿಕೆಯನ್ನು ಫ್ಲೆಮಿಂಗರು ೧೯೪೫ರಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಕೊಟ್ಟಿದ್ದರು. ಆ ಎಚ್ಚರಿಕೆಯನ್ನು ಲೋಕ ಮರೆತ ಫಲವನ್ನು ಇಂದು ಕಾಣುತ್ತಿದ್ದೇವೆ. ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ ೨೦೧೯ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನ ಸತ್ತರೆಂದು, ೨೦೨೨ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಂದಾಜು ಪ್ರಕಟವಾಯಿತು.

ಆದಕಾರಣ ನಿಧಾನವಾಗಿ ಬಿಡುವುದೊಂದೇ ಗುಣವಲ್ಲ. ಬೇಕಾದ ಎಡೆಯಲ್ಲಿ, ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ದಿನ ಬಿಟ್ಟು, ಆಮೇಲೆ ಚೊಕ್ಕವಾಗಿ ನಿಲ್ಲಬೇಕು. ಕೊಡುವುದನ್ನು ಕಲಿತರೆ ಸಾಲದು, ನಿಲ್ಲಿಸುವುದನ್ನೂ ಕಲಿಯಬೇಕು. ಈ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಇಂಥ ಮದ್ದು ಕೈಗೆಟಕುವ ಬೆಲೆಯಲ್ಲಿ ಬಂದರೆ ಹೆಚ್ಚಿನ ಪ್ರಯೋಜನ ಯಾರಿಗೆ? ಆಸ್ಪತ್ರೆಯ ಪಕ್ಕದಲ್ಲಿ ಮನೆಯುಳ್ಳವರಿಗಿಂತಲೂ, ಆರು ವಾರ ಚುಚ್ಚುಮದ್ದಿಗಾಗಿ ಪಟ್ಟಣದಲ್ಲಿ ತಂಗಲಾರದ ಕೂಲಿಯವರಿಗೆ, ಚೀಟಿಯನ್ನು ಓದಲಾರದವರಿಗೆ, ಗುಳಿಗೆಯ ಹಣವನ್ನು ಮಗಳ ಶುಲ್ಕಕ್ಕೆ ತೆಗೆದಿಡುವ ತಂದೆಯರಿಗೆ. ಆ ದಿನ ಬರುವವರೆಗೆ ಗಡಿಯಾರವೂ ಚೀಟಿಯೂ ಆ ಚೀಟಿಯನ್ನು ಓದಬಲ್ಲ ಮಕ್ಕಳೂ ಮಡಕೆಯ ಕೆಲಸವನ್ನು ಮಾಡಬೇಕಾಗಿದೆ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಅಕ್ಷರಸ್ಥರಾಗಿ ಬಂದವರು ಬಹುಮಂದಿ. ಅವರಲ್ಲಿ ನನ್ನ ಬಿನ್ನಹ ಇಷ್ಟೆ: ಚೀಟಿಯಲ್ಲಿ ಬರೆದ ಕೊನೆಯ ಗುಳಿಗೆಯವರೆಗೆ ಮದ್ದು ಕೊಡಿಸಿರಿ. ವೈದ್ಯರು ಹೇಳದೆ ಪ್ರತಿಜೈವಿಕವನ್ನು ಅಂಗಡಿಯಿಂದ ತಂದು ಕೊಡದಿರಿ. ಹಿರಿಯರು ಸಾಕೆಂದಾಗ, ನಾನು ಮಾಡಿದಂತೆ, ಸುಮ್ಮನಿರಬೇಡಿರಿ.

ನಮ್ಮ ತಂದೆಯವರು ಈಗ ನಡೆಯುತ್ತಾರೆ. ಎಡಗಾಲು ಕೊಂಚ ಎಳೆಯುತ್ತದೆ. ಸಾರವೆ ಹತ್ತುವುದನ್ನು ಬಿಟ್ಟು ನೆಲದ ಮೇಲಿನ ಕೆಲಸವನ್ನಷ್ಟೇ ಮಾಡುತ್ತಾರೆ. ಬೆಳಗ್ಗೆ ತೆಂಗಿನ ಬುಡದ ಮಡಕೆಯ ಕಲ್ಲನ್ನು ಸರಿಸಿ ನೀರು ಎಷ್ಟಿದೆ ಎಂದು ನೋಡುವ ಕೆಲಸವನ್ನು ತಾಯಿಯವರಿಂದ ತಾವೇ ವಹಿಸಿಕೊಂಡಿದ್ದಾರೆ.